ಕೊಂಡಿಯ ಕೆಳಗಿನ ಬೆಸುಗೆ

ಕಂಪ್ಲಿ
೪ ಜನವರಿ ೧೯೭೯

ತಮ್ಮ ಉಚ್ಚೆಂಗಪ್ಪನಿಗೆ ಅಕ್ಕ ಹುಲುಗಮ್ಮನ ಆಶೀರ್ವಾದ.

ನಾನು ಹೇಳುತ್ತಿದ್ದೇನೆ, ಭರಮಿ ಬರೆಯುತ್ತಿದ್ದಾಳೆ. ನಾನು ಹೇಳಿದ್ದನ್ನೆಲ್ಲ ನನ್ನ ಮಗಳು ಪುಸ್ತಕದ ಮಾತು ಮಾಡಿಬಿಡುತ್ತಾಳೆ. ಎಸ್ಸೆಸೆಲ್ಸಿ ಪಾಸಾದ ಜಂಬ. ಇದು ನಿನ್ನ ಅಕ್ಕನ ದನಿಯಂತೆ ಕೇಳದಿದ್ದರೆ ತಪ್ಪು ನನ್ನದಲ್ಲ.

ದಸರಾ ಆಗಿ ಹದಿನೈದು ದಿನಕ್ಕೆ ಹೊಸಪೇಟೆಯ ಟ್ರೇಲರ್ ಕಾರ್ಖಾನೆ ಬಿಟ್ಟು ಬೊಂಬಾಯಿಗೆ ಓಡಿದೆಯಲ್ಲ, ಯಾಕೆ ಅಂತ ಈವರೆಗೂ ಬರೆದಿಲ್ಲ. ಅಂದಾನಪ್ಪ ಸಾವ್ಕಾರರು ನಿನ್ನನ್ನು ಮನೆ ಮಗನ ಹಾಗೆ ನೋಡಿಕೊಂಡಿದ್ದರು. ಎಂಟು ವರ್ಷ ಅವರ ಕೈಕೆಳಗೆ ಬೆಸುಗೆ ಕಲಿತು, ಹೇಳದೆ ಕೇಳದೆ ಹೋದೆ. ನೀನು ಹೇಳದಿದ್ದರೂ ನನಗೆ ಗೊತ್ತು ಬಿಡು. ಬನ್ನಿ ಕೊಡುವ ದಿನ ನೀನು ಭರಮಿಯನ್ನು ಕೇಳಿದೆ, ಅವಳಪ್ಪ, ನಿನ್ನ ತಾಯಪ್ಪ ಮಾವ, "ನೋಡೂಣು" ಅಂದರು. ಅಷ್ಟಕ್ಕೇ ಇಷ್ಟು ಮುನಿಸೇನೋ? ಹೆಣ್ಣು ಹೆತ್ತವರು ಕೇಳಿದ ಕೂಡಲೇ ಕೊಟ್ಟುಬಿಟ್ಟರೆ ಮರ್ಯಾದೆ ಉಳಿಯುತ್ತದೆಯೇ? ತಮ್ಮನಿಗೆ ಅಕ್ಕನ ಮಗಳನ್ನು ಬಿಟ್ಟು ಬೇರೆ ಯಾರಿಗೆ ಕೊಡುತ್ತೇವೆ? ಸ್ವಲ್ಪ ತಾಳ್ಮೆ ಬೇಕು.

(ಮಾವಾ, ಇದನ್ನು ಬರೆಯುವುದಿಲ್ಲ ಎಂದೆ. ಅಮ್ಮ ತಲೆಗೆ ಮೊಟಕಿ ಬರೆಸಿದಳು. ಭರಮಿ)

ಈಗ ಸುದ್ದಿ ಕೇಳು. ಭತ್ತ ಮನೆಗೆ ಬಂತು. ಎರಡನೇ ಬೆಳೆಯ ನಾಟಿಗೆ ಇನ್ನೂ ದಿನ ಇವೆ. ನಮ್ಮ ಅತ್ತೆ ವಿರುಪಮ್ಮನಿಗೆ ಸಂಡೂರಿನ ಕುಮಾರಸ್ವಾಮಿಯ ಹರಕೆ ಹಳೆಯದೊಂದು ಉಳಿದಿದೆ. ಬಸ್ಸಿನಲ್ಲಿ ಕೂತರೆ ಅವರಿಗೆ ವಾಂತಿ. ಅದಕ್ಕೆ ನಿನ್ನ ಮಾವ, ನೀನೇ ಕೈಯಾರೆ ಮಾಡಿಕೊಟ್ಟ ಟ್ರೇಲರನ್ನೇ ಮನೆ ಮಾಡಿದ್ದಾರೆ! ಬಿದಿರಿನ ಕಮಾನು ಕಟ್ಟಿ, ಮೇಲೆ ಚಾಪೆ, ಅದರ ಮೇಲೆ ತಾಡಪಾಲು. ಒಳಗೆ ಹುಲ್ಲು ಹಾಸಿ ಕೌದಿ. ಹಿಂದೆ ಸೀಮೆಎಣ್ಣೆ ಸ್ಟೋವು, ನೀರಿನ ಕೊಡ, ನನ್ನ ಹಳೆ ಸೀರೆಯ ಪರದೆ. ಪಕ್ಕದ ಮನೆಯ ನಿಂಗಕ್ಕನೂ ಅವಳ ಮೊಲೆಗೂಸೂ ಬರುತ್ತಾರೆ. ಊರವರೆಲ್ಲ ಬಂದು ಇಣುಕಿ ನೋಡಿ ಹೋಗುತ್ತಿದ್ದಾರೆ.

ಸಂಕ್ರಾಂತಿ ಮುಗಿಸಿ ಹದಿನಾರಕ್ಕೆ ಹೊರಡುತ್ತೇವೆ. ಕಮಲಾಪುರ, ಹಂಪಿ, ಅಲ್ಲಿಂದ ಹೊಸಪೇಟೆ, ಡ್ಯಾಮು, ಆಮೇಲೆ ಸಂಡೂರು ಘಾಟಿ. ಹೊಸಪೇಟೆಗೆ ಇಪ್ಪತ್ತಮೂರಕ್ಕೆ ಬರುತ್ತೇವೆ. ನಡುವೆ ಕಾಗದ ಬರೆದರೆ ಕಾರ್ಖಾನೆಯ ವಿಳಾಸಕ್ಕೆ ಬರೆ. ನಿನ್ನ ಕಾಗದ ಬಂದರೆ ಊಟದ ಹೊತ್ತಿಗೆ ಭರಮಿ ಎಲ್ಲರಿಗೂ ಕೇಳುವಂತೆ ಓದುತ್ತಾಳೆ. ಚೆನ್ನಾಗಿ ಬರೆ, ನನ್ನ ಮಾನ ಕಳೆಯಬೇಡ.

ನಿನ್ನ ಅಕ್ಕ
ಹುಲುಗಮ್ಮ

*

ಕುರ್ಲಾ, ಬೊಂಬಾಯಿ
೧೦ ಜನವರಿ ೧೯೭೯

ಅಕ್ಕನಿಗೂ ಮಾವನವರಿಗೂ ವಿರುಪಮ್ಮಜ್ಜಿಗೂ ನಮಸ್ಕಾರ.

ಕಾಗದ ಇವತ್ತು ಸಿಕ್ಕಿತು. ಇವತ್ತೇ ಬರೆಯುತ್ತಿದ್ದೇನೆ. ನೀವು ಹೊರಡುವ ಮುಂಚೆ ಇದು ಮುಟ್ಟಲಿ ಎಂದು ಅಂಚೆ ಕಚೇರಿಯಲ್ಲೇ ನಿಂತು ಬರೆಯುತ್ತಿದ್ದೇನೆ.

ಅಕ್ಕ, ಮುನಿಸು ಏನೂ ಇಲ್ಲ. ಇಲ್ಲಿ ಕೆಲಸ ಜಾಸ್ತಿ, ಕಲಿಯುವುದೂ ಜಾಸ್ತಿ, ಅದಕ್ಕೆ ಬಂದೆ.

ಪ್ರಯಾಣದ ಬಗ್ಗೆ ನನ್ನದೊಂದು ಮಾತು. ಈ ವರ್ಷ ಸಂಡೂರು ಬೇಡ. ಘಾಟಿಯಲ್ಲಿ ಅದಿರಿನ ಲಾರಿಗಳು ಹುಚ್ಚು ಹಿಡಿದಂತೆ ಇಳಿಯುತ್ತವೆ, ರಸ್ತೆ ಕಿತ್ತುಹೋಗಿದೆ. ಅಜ್ಜಿಯ ಹರಕೆಯನ್ನು ಮುಂದಿನ ವರ್ಷ ತೀರಿಸಿದರೆ ದೇವರು ಸಿಟ್ಟಾಗುವುದಿಲ್ಲ. ಹೋಗಲೇಬೇಕಿದ್ದರೆ ಮೊದಲು ನೆಟ್ಟಗೆ ಹೊಸಪೇಟೆಗೆ ಹೋಗಿ, ಕಾರ್ಖಾನೆ ನೋಡಿಕೊಂಡು, ಹಂಪಿಗೆ ಆಮೇಲೆ ಹೋಗಿ. ನಾನು ಎಂಟು ವರ್ಷ ದುಡಿದ ಜಾಗ, ನೀನು ಒಂದು ಸಲವೂ ಒಳಗೆ ಬಂದು ನೋಡಿಲ್ಲ. ಗೇಟಿನ ಹತ್ತಿರ ಆರತಿ ಎತ್ತಿ ಹೋದವಳು.

ಅಲ್ಲಿ ಫೋರ್‌ಮನ್ ಪಕೀರಪ್ಪನವರು ಇರುತ್ತಾರೆ. ಗಾಡಿಯ ಕೆಳಗೆ ಒಂದು ಸಲ ನೋಡಲು ಅವರಿಗೆ ಹೇಳಿ. ಮುಂದುಗಡೆ, ಟ್ರ್ಯಾಕ್ಟರಿಗೆ ಸಿಗಿಸುವ ಕೊಂಡಿಯ ಹತ್ತಿರ. ಹೊಸ ಗಾಡಿಯಲ್ಲವೇ, ನಾಲ್ಕು ತಿಂಗಳಿಗೊಮ್ಮೆ ತೋರಿಸುವುದು ಪದ್ಧತಿ. ಬೇರೆ ಏನೂ ಇಲ್ಲ.

ಮೆಲ್ಲಗೆ ಓಡಿಸಲು ಮಾವನವರಿಗೆ ಹೇಳು.

ಉಚ್ಚೆಂಗಪ್ಪ

*

ಹಂಪಿ
೧೮ ಜನವರಿ ೧೯೭೯

ಬೊಂಬಾಯಿ ಸಾಹೇಬರಿಗೆ ಹುಲುಗಮ್ಮನ ನಮಸ್ಕಾರ!

ನಿನ್ನ ಕಾಗದ ನಾವು ಹೊರಡುವ ಬೆಳಿಗ್ಗೆ ಬಂತು. ಭರಮಿ ಗಾಡಿ ಹತ್ತಿ ನಿಂತು ಓದಿದಳು, ಎಲ್ಲರೂ ಕೇಳಿದರು. ನಿನ್ನ ಮಾವ ನಕ್ಕು, "ನೋಡು ನಿನ್ನ ತಮ್ಮಗ! ಕಾರ್ಖಾನಿ ತೋರ್ಸಾಕ ಎಷ್ಟು ಅವಸರ! ಸಾವ್ಕಾರ್ರ ಕೈಲೆ ಹೆಣ್ಣು ಕೇಳ್ಸಾಕ ಹಚ್ಯಾನ" ಅಂದರು. ನನಗೂ ಹಾಗೇ ಅನ್ನಿಸಿತು. ಗಾಡಿ ತೋರಿಸುವುದು ನೆವ, ಅಲ್ಲವೇನೋ? ಸಾವ್ಕಾರರು ನಮ್ಮನ್ನು ಕುರ್ಚಿಯಲ್ಲಿ ಕೂರಿಸಿ, ಚಹಾ ಕೊಟ್ಟು, ನಿನ್ನ ಗುಣಗಾನ ಮಾಡಿ, ಕೊನೆಗೆ ಭರಮಿಯ ಮಾತು ತೆಗೆಯಬೇಕು. ಇಷ್ಟು ಸುತ್ತು ಬಳಸುವ ಬುದ್ಧಿ ನಿನಗೆ ಎಲ್ಲಿಂದ ಬಂತು? ನಾನು ಮದುವೆಯಾಗಿ ಬಂದಾಗ ತಾಯಿ ಇಲ್ಲದ ನಿನ್ನನ್ನೂ ಕೈಹಿಡಿದು ಕರೆತಂದೆ. ಆರು ವರ್ಷದವನು, ಬೆಲ್ಲ ಬೇಕಾದರೆ ನೇರವಾಗಿ "ಬೆಲ್ಲ" ಅಂತ ಕೇಳುತ್ತಿದ್ದೆ.

ಮೊದಲು ಹೊಸಪೇಟೆಗೆ ಹೋಗಲಿಲ್ಲ. ಅಜ್ಜಿ ವಿರೂಪಾಕ್ಷನ ದರ್ಶನ ಆಗದೆ ಮುಂದೆ ಒಂದು ಹೆಜ್ಜೆ ಇಡುವುದಿಲ್ಲ ಅಂದರು. ಕಮಲಾಪುರದಲ್ಲಿ ಕೆರೆಯ ಹತ್ತಿರ ಒಂದು ರಾತ್ರಿ ಇದ್ದೆವು, ಬಾಳೆತೋಟದವರು ಒಂದು ಗೊನೆ ಹಣ್ಣು ಕೊಟ್ಟರು. ಈಗ ಹಂಪಿಯಲ್ಲಿ, ಹೊಳೆಗೆ ಹೋಗುವ ದಾರಿಯ ಬದಿ ನಮ್ಮ ಮನೆ ನಿಂತಿದೆ. ಇಲ್ಲಿ ಕೆಂಪು ಮೂಗಿನ ಬಿಳಿಯರು ಇಬ್ಬರು ಒಂದು ವ್ಯಾನಿನಲ್ಲೇ ಮಲಗಿ, ಅಡಿಗೆ ಮಾಡಿ, ಊರೂರು ತಿರುಗುತ್ತಿದ್ದಾರೆ. ನಮ್ಮ ಗಾಡಿಯೊಳಗೆ ಹಣಕಿ ನೋಡಿ, ಕೈ ಎತ್ತಿ ಮುಗಿದರು. ಆ ಹೆಂಗಸು ನನ್ನ ಸ್ಟೋವಿನ ಮೇಲಿನ ಉಪ್ಪಿಟ್ಟು ತಿಂದು ಕಣ್ಣಲ್ಲಿ ನೀರು ತಂದುಕೊಂಡಳು, ಖಾರಕ್ಕೆ. ಮಾತು ಒಂದೂ ತಿಳಿಯಲಿಲ್ಲ, ಆದರೂ ಅರ್ಧ ದಿನ ಹರಟಿದೆವು.

ಗಾಡಿಯಲ್ಲಿ ನಿದ್ದೆ ಭಾಳ ಚಲೋ ಬರುತ್ತದೆ. ಅಜ್ಜಿ ನಡುವೆ, ನಿಂಗಕ್ಕ ಮತ್ತು ಕೂಸು ಹಿಂದೆ. ಮುಂದೆ ಗಾಳಿ ಚೆನ್ನಾಗಿ ಬೀಸುತ್ತದೆಂದು ಕೊಂಡಿಯ ಮೇಲಕ್ಕೆ ಹಲಗೆ ಚಾಚಿ ಭರಮಿ ಹಾಸಿಕೊಂಡಿದ್ದಾಳೆ. ಗಾಡಿ ಓಡುವಾಗಲೂ ಅಲ್ಲೇ ಮಲಗುತ್ತಾಳೆ, ರಾಣಿ.

ಈಗ ಮುಖ್ಯ ಮಾತು. ನಿನ್ನೆ ಹೊಳೆಯ ದಡದಲ್ಲಿ ಕೂತು ನಿನ್ನ ಮಾವ ತಾವಾಗಿಯೇ ಅಂದರು, "ಹುಡುಗ ದುಡುದು ತಿಂತಾನ, ಕೈಯಾಗ ಕಸಬು ಐತಿ. ಕೊಟ್ಟುಬಿಡೂಣು." ಅಜ್ಜಿಯೂ ಹೂಂ ಅಂದರು. ಭರಮಿಗೆ ನಾನೇ ಕೇಳಿದೆ. ಪಾತ್ರೆ ತೊಳೆಯಲು ಹೋದಳು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಯುಗಾದಿ ಆದಮೇಲೆ ಮದುವೆ. ಸಂತೋಷ ಆಯಿತೇ?

(ಮಾವಾ, ಪಾತ್ರೆಗೆ ಜಿಡ್ಡು ಇತ್ತು. ಭರಮಿ)

ಹುಲುಗಮ್ಮ

*

ಕುರ್ಲಾ
೨೨ ಜನವರಿ ೧೯೭೯

ಅಕ್ಕ,

ಕಾಗದ ಸಿಕ್ಕಿತು. ಎಲ್ಲರಿಗೂ ನಮಸ್ಕಾರ.

ಸಂಡೂರಿಗೆ ಹೋಗಬೇಡಿ. ಪಕೀರಪ್ಪನವರಿಗೆ ಗಾಡಿ ತೋರಿಸಿ, ಅವರು ಹೇಳಿದ ಹಾಗೆ ಕೇಳಿ.

ಭರಮಿಯನ್ನು ಮುಂದೆ ಮಲಗಿಸಬೇಡ. ಹಿಂದೆ ಮಲಗಲಿ. ಮುಂದೆ ಗಾಳಿಗೆ ಶೀತ ಆಗುತ್ತದೆ.

ಉಚ್ಚೆಂಗಪ್ಪ

*

ಹೊಸಪೇಟೆ
೨೫ ಜನವರಿ ೧೯೭೯

ತಮ್ಮನಿಗೆ ಅಕ್ಕನ ಆಶೀರ್ವಾದ.

ಇಪ್ಪತ್ತಮೂರಕ್ಕೆ ಇಲ್ಲಿಗೆ ಮುಟ್ಟಿದೆವು. ಇಲ್ಲಿ ನಿನ್ನ ಕಾಗದ ಯಾವುದೂ ಬಂದಿರಲಿಲ್ಲ. ನಿನ್ನೆ ಕಾರ್ಖಾನೆ ನೋಡಿದೆವು. ಅಂದಾನಪ್ಪ ಸಾವ್ಕಾರರು ಗೇಟಿಗೇ ಬಂದು, "ಬರ್ರೆವ್ವಾ, ಬರ್ರಿ, ನಿಮ್ಮ ಮನಿನೂ ಒಳಗ ತರ್ರಿ" ಅಂತ ಗಾಡಿಯನ್ನು ಅಂಗಳದೊಳಗೇ ತರಿಸಿದರು. ತಾವೇ ಮುಂದೆ ನಡೆದು ಎಲ್ಲ ತೋರಿಸಿದರು. ನೆಲದ ಮೇಲೆ ಸೀಮೆಸುಣ್ಣದಿಂದ ಪೂರ್ತಿ ಗಾಡಿಯ ನಕ್ಷೆ ಬರೆದು ಅದರ ಮೇಲೇ ಕಬ್ಬಿಣ ಜೋಡಿಸುತ್ತಾರೆ, ನಾವು ರಂಗೋಲಿಯ ಮೇಲೆ ಬಣ್ಣ ತುಂಬಿದ ಹಾಗೆ. ಗ್ಯಾಸಿನ ಬೆಂಕಿಯಿಂದ ತಗಡನ್ನು ಕತ್ತರಿಸುವುದನ್ನು ಅಜ್ಜಿ ಬಾಯಿ ತೆರೆದು ನೋಡಿದರು. ಹನ್ನೊಂದು ಹೊಸ ಟ್ರೇಲರುಗಳು ಗೋಡೆಗೆ ಒರಗಿ ನಿಂತಿದ್ದವು. ಕಾಲುವೆ ನೀರು ಬಂದ ಮೇಲೆ ಕಂಪ್ಲಿ ಕಡೆಯವರದೇ ಗಿರಾಕಿ ಅಂತೆ, ಕಬ್ಬು ಹೇರಲು. "ನಿಮ್ಮ ಉಚ್ಚೆಂಗನ ಕೈ ಇಲ್ದ ಕೆಲಸ ಹಿಂದ ಬಿದ್ದೈತಿ. ವಾಪಸ್ ಬಾ ಅನ್ರಿ, ಏನೂ ಅನ್ನಂಗಿಲ್ಲ ನಾ" ಅಂದರು. ನಿನ್ನ ಮಾವನ ಎದೆ ಉಬ್ಬಿತು. ಮದುವೆ ನಿಶ್ಚಯವಾಗಿದ್ದು ಹೇಳಿದಾಗ ಎಲ್ಲರಿಗೂ ಮೈಸೂರುಪಾಕು ತರಿಸಿ ಹಂಚಿದರು.

ನೀನು ಹೇಳಿದ್ದೆ ಅಂತ ಪಕೀರಪ್ಪನವರಿಗೆ ಗಾಡಿ ತೋರಿಸಿದೆವು. ಸಾವ್ಕಾರರೂ ನಿನ್ನ ಮಾವನೂ ಅಷ್ಟರಲ್ಲಿ ಬಜಾರಿಗೆ ಹೋಗಿದ್ದರು. ಪಕೀರಪ್ಪನವರು ಗೋಣಿಚೀಲ ಹಾಸಿ ಕೆಳಗೆ ನುಸುಳಿದರು. ಸುಮಾರು ಹೊತ್ತು ಹೊರಗೆ ಬರಲಿಲ್ಲ. ಬಂದಮೇಲೆ

ಮಾವಾ, ಇಲ್ಲಿಂದ ಮುಂದೆ ಅಮ್ಮ ಹೇಳುತ್ತಿಲ್ಲ. "ಸಾಕು, ಬರ್ದದ್ದು ಅಷ್ಟ ಹಾಕು" ಅಂದು ಎದ್ದು ಹೋದಳು. ಉಳಿದದ್ದನ್ನು ನಾನು ಬರೆಯುತ್ತೇನೆ.

ಪಕೀರಪ್ಪನವರು ಹೊರಗೆ ಬಂದು ಅಮ್ಮನನ್ನು ಒಬ್ಬಳನ್ನೇ ಕರೆದರು. ಅಮ್ಮನೂ ಸೆರಗು ಸಿಕ್ಕಿಸಿಕೊಂಡು ಗಾಡಿಯ ಕೆಳಗೆ ಹೋದಳು. ಇಬ್ಬರೂ ಏನು ಮಾತಾಡಿದರೋ ಕೇಳಿಸಲಿಲ್ಲ. ಆಮೇಲೆ ಪಕೀರಪ್ಪನವರು ನಮ್ಮ ಸಾಮಾನೆಲ್ಲ ಇಳಿಸಿ ಎರಡು ತಾಸು ಕೊಂಡಿಯ ಹತ್ತಿರ ಬೆಸುಗೆ ಹಾಕಿದರು. ಅಮ್ಮ ಅಲ್ಲೇ ಕಲ್ಲಿನ ಮೇಲೆ ಕೂತಿದ್ದಳು. ಆ ಬೆಳಕನ್ನು ಬರಿಗಣ್ಣಿಂದ ನೋಡಬಾರದು ಅಂದರೂ ನೋಡಿದಳು. ಕಣ್ಣು ಕೆಂಪಾಗಿ ಈಗಲೂ ನೀರು ಸುರಿಯುತ್ತಿದೆ. ಏನಾಗಿತ್ತು ಅಂತ ಕೇಳಿದೆ. "ಪೇಂಟ್ ಹೋಗಿತ್ತವ್ವಾ" ಅಂದರು ಪಕೀರಪ್ಪನವರು. ಪೇಂಟು ಹೋದರೆ ಬೆಂಕಿ ಯಾಕೆ ಹಚ್ಚುತ್ತಾರೆ ಮಾವಾ? ನಿನಗೆ ತಿಳಿಯುವ ಕೆಲಸ, ನೀನೇ ಹೇಳು.

ಇನ್ನು ಸ್ವಲ್ಪ ಹೊತ್ತಿಗೆ ಸಂಡೂರಿಗೆ ಹೊರಡುತ್ತೇವೆ.

ಭರಮಿ

*

ಕುರ್ಲಾ
೩೦ ಜನವರಿ ೧೯೭೯

ಅಕ್ಕಾ,

ಇದನ್ನು ಪಕೀರಪ್ಪನವರಿಗೆ ಬರೆದ ಲಕೋಟೆಯೊಳಗೆ ಇಟ್ಟು ಕಳಿಸುತ್ತಿದ್ದೇನೆ. ನಿನ್ನ ಕೈಗೇ ಕೊಡಲು ಹೇಳಿದ್ದೇನೆ. ನೀನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತೀಯ, ನನಗೆ ಗೊತ್ತು. ಎಷ್ಟು ದಿನ ಹಿಡಿದರೂ ನೀನೇ ಓದು. ಮನೆಗೆ ಬರೆದದ್ದನ್ನೆಲ್ಲ ಮಾವನವರ ಮುಂದೆ, ಅಜ್ಜಿಯ ಮುಂದೆ ಭರಮಿ ಓದುತ್ತಾಳೆ. ಅದಕ್ಕೇ ಇಷ್ಟು ದಿನ ಬರೆಯಲು ಆಗಲಿಲ್ಲ. ಹೊಸಪೇಟೆಯಿಂದ ನಿಮ್ಮ ಕಾಗದ ಇನ್ನೂ ಬಂದಿಲ್ಲ, ನೀವು ಸಂಡೂರಿನಿಂದ ಇಳಿದಿರೋ ಇಲ್ಲವೋ ಅದೂ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ನಾಲ್ಕು ದಿನದಿಂದ ಅನ್ನ ಸೇರಿಲ್ಲ.

ಆಯುಧಪೂಜೆಯ ಹಿಂದಿನ ದಿನ. ದೀಪ ಹಚ್ಚುವ ಹೊತ್ತಿಗೆ ಎಲ್ಲ ಸಾಮಾನು ತೊಳೆದು ಪೂಜೆಗೆ ಇಡಬೇಕು, ಇಟ್ಟಮೇಲೆ ಬನ್ನಿ ಮುಡಿಯುವವರೆಗೆ ಯಾರೂ ಮುಟ್ಟುವಂತಿಲ್ಲ. ನಮ್ಮ ಕಾರ್ಖಾನೆಯ ಕಟ್ಟಳೆ ಅದು, ಸಾವ್ಕಾರರ ತಂದೆಯ ಕಾಲದಿಂದ. ನಿಮ್ಮ ಗಾಡಿಯದು ಕೊನೆಯ ಕೆಲಸ. ಕೊಂಡಿಯ ಮೇಲಿನ ಬೆಸುಗೆ ಪೂರ್ತಿ ಹಾಕಿದ್ದೆ. ಕೆಳಗಡೆ ಮಾತ್ರ ನಾಲ್ಕು ಕಡೆ ಚುಕ್ಕಿ ಇಟ್ಟಿದ್ದೆ, ಅಷ್ಟೇ. ಚುಕ್ಕಿ ಅಂದರೆ ದರ್ಜಿ ಹಾಕುವ ಕಚ್ಚಾ ಹೊಲಿಗೆ ಇದ್ದ ಹಾಗೆ. ಆಮೇಲೆ ಪಕ್ಕಾ ಹಾಕಬೇಕು. ಅಷ್ಟರಲ್ಲಿ ಅರಿಸಿನ ಕುಂಕುಮದ ತಟ್ಟೆ ಬಂತು. ಬಣ್ಣದವನು ಕುಂಚ ಹಿಡಿದು ನಿಂತಿದ್ದ. ಸಾವ್ಕಾರರು "ಮುಗೀತೇನಪಾ?" ಅಂದರು. "ಮುಗೀತ್ರೀ" ಅಂದೆ. ಹಬ್ಬ ಕಳೆದು ಎರಡು ದಿನಕ್ಕೆ ಗಾಡಿ ಒಯ್ಯುತ್ತೀರಿ, ಅಷ್ಟರಲ್ಲಿ ಹಾಕಿದರಾಯಿತು ಅಂದುಕೊಂಡೆ.

ಹೊಸ ಗಾಡಿ ವಿಜಯದಶಮಿಯ ದಿನವೇ ಮನೆಗೆ ಬರಬೇಕು ಅಂತ ಅಜ್ಜಿ ಹಟ ಹಿಡಿದರು. ಬೆಳಿಗ್ಗೆ ಮಾವನವರು ಟ್ರ್ಯಾಕ್ಟರ್ ತಂದೇಬಿಟ್ಟರು. ನನ್ನ ಬೆಸುಗೆ ಮಿಷನ್ನು ಹೂವು ಹೊತ್ತು ಕೂತಿತ್ತು. ನೀನು ಆರತಿ ಎತ್ತುತ್ತಿದ್ದೆ. ಆಗ ಹೇಳಿದ್ದರೆ, ಮೊನ್ನೆ ಸುಳ್ಳು ಹೇಳಿದೆ ಅಂತ ಸಾವ್ಕಾರರ ಮುಂದೆ, ಎಲ್ಲರ ಮುಂದೆ ಆಗುತ್ತಿತ್ತು. ಅದೇ ದಿನ ಭರಮಿಯನ್ನು ಕೇಳಬೇಕೆಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಕೆಲಸಗಳ್ಳನಿಗೆ ಮಾವನವರು ಕೊಡುತ್ತಿದ್ದರೇ? ವಾರದೊಳಗೆ ನಾನೇ ಬಂದು ಹಾಕಿಕೊಡುತ್ತೇನೆ ಅಂದುಕೊಂಡೆ. ವಾರ ಕಳೆದಮೇಲೆ, ಯಾಕೆ ಬಂದೆ ಅಂತ ಕೇಳಿದರೆ ಏನು ಹೇಳಲಿ? ದಿನ ಕಳೆದಷ್ಟೂ ಬಾಯಿ ಕಟ್ಟಿತು. ಕೊನೆಗೆ ಊರೇ ಬಿಟ್ಟೆ.

ನಿನ್ನ ಹಂಪಿಯ ಕಾಗದ ಬಂದ ದಿನ ತಂತಿ ಕಚೇರಿಗೆ ಹೋಗಿದ್ದೆ. ಕಾರ್ಖಾನೆಗೆ ತಂತಿ ಕೊಟ್ಟರೆ ಸಾವ್ಕಾರರೇ ಒಡೆದು ಓದುತ್ತಾರೆ. ಫಾರಂ ತುಂಬಿದೆ, ಹರಿದೆ. ಬರಿ ಕಾಗದ ಬರೆದು ಡಬ್ಬಿಗೆ ಹಾಕಿ ಬಂದೆ.

ಹೊಡಿ, ಬೈಯಿ, ಏನು ಬೇಕಾದರೂ ಮಾಡು. ನೀವೆಲ್ಲ ಸುಖವಾಗಿದ್ದೀರಿ ಅಂತ ಒಂದು ಸಾಲು ಬರೆ. ಯುಗಾದಿಗೆ ಬರುತ್ತೇನೆ, ಬಂದು ಕಾಲು ಹಿಡಿಯುತ್ತೇನೆ.

ನಿನ್ನ ತಮ್ಮ

*

ಕಂಪ್ಲಿ
೧೪ ಫೆಬ್ರವರಿ ೧೯೭೯

ಉಚ್ಚೆಂಗಾ,

ಇದು ನನ್ನ ಕೈಬರಹ. ಮೂರನೇ ಕ್ಲಾಸು ಕಲ್ತಾಕಿ, ತಪ್ಪಿದ್ರ ತಿದ್ದಿ ಓದ್ಕೋ. ಬಾಯಿಗೆ ಬಂದಂಗ ಬರಿತೀನಿ, ನನಗ ಪುಸ್ತಕದ ಮಾತು ಬರಂಗಿಲ್ಲ.

ಎಲ್ಲಾರೂ ಚಲೋ ಅದೀವಿ. ನೀ ಕೇಳಿದ ಒಂದು ಸಾಲು ಅದು.

ನಿನ್ನ ಕಾಗದ ದನದ ಕೊಟ್ಟಿಗ್ಯಾಗ ಕುಂತು ಮೂರು ದಿನ ಓದಿದೆ. ಅದ್ರಾಗ ಹೊಸಾದು ಏನೂ ಇರ್ಲಿಲ್ಲ. ಪಕೀರಪ್ಪಣ್ಣ ಅವತ್ತ ನನ್ನ ಕೈ ಹಿಡ್ದು ಕೊಂಡಿ ಕೆಳಗ ಮುಟ್ಟಿಸಿದ. ನಾಲ್ಕು ಚುಕ್ಕಿಯಾಗ ಎರಡು ಬಿಟ್ಟಿದ್ವು. ಬಿರುಕಿನ್ಯಾಗ ನನ್ನ ಉಗುರು ಹೋತು. "ಹಿಂಗ ಘಾಟಿ ಹತ್ತಿದ್ರ ಏನಾಕ್ಕಿತ್ತಣ್ಣಾ?" ಅಂದೆ. "ಕೊಂಡಿ ಕಿತ್ತು ಗಾಡಿ ಮುಂದ ಕುಸೀತಿತ್ತವ್ವಾ, ಮುಂದಿದ್ದಾರು ಮೊದ್ಲು ಅಡಿಗೆ" ಅಂದ. ಅವತ್ತ ತಿಳೀತು ನನಗ, ಮುನಿಸು ಅಲ್ಲ, ನೀ ಹೆದರಿ ಓಡಿದ್ದಿ ಅಂತ.

ಪಕ್ಕಾ ಬೆಸುಗಿ ಹಾಕಿದ್ರೂ ನನಗ ಧೈರ್ಯ ಬರ್ಲಿಲ್ಲ. ತಲಿ ತಿರುಗತೈತಿ ಅಂತ ಸುಳ್ಳು ಹೇಳಿ, ಸಂಡೂರು ಘಾಟಿ ಪೂರಾ ಗಾಡಿ ಹಿಂದ ನಡ್ಕೊಂತ ಹತ್ತಿದೆ. ಅದಿರಿನ ಧೂಳಿಗೆ ಸೀರಿ ಎಲ್ಲಾ ಕೆಂಪಾತು. ಕಣ್ಣು ಕೊಂಡಿ ಬಿಟ್ಟು ಆ ಕಡಿ ಈ ಕಡಿ ಹೋಗ್ಲಿಲ್ಲ. ಮ್ಯಾಲೆ ಮುಟ್ಟಿದ ಮ್ಯಾಲೆ ರಸ್ತಿ ಬದಿಗೆ ಕುಂತು ಅತ್ತೆ. ಭಕ್ತಿ ಬಂತು ಅಂತ ತಿಳ್ಕೊಂಡ್ರು ನಮ್ಮತ್ತಿ.

ಆದ್ರೂ ನಿನ್ನ ಮ್ಯಾಲೆ ಸಿಟ್ಟು ಪೂರಾ ಬಂದಿರ್ಲಿಲ್ಲ ತಮ್ಮಾ. ಹೆದರಿಕಿ ಎಲ್ಲಾರಿಗೂ ಇರತೈತಿ. ಸಣ್ಣಾವಿದ್ದಾಗ ಮಡಿಕಿ ಒಡ್ದು ಕಣಜದ ಹಿಂದ ಕುಂತಿದ್ದಿ, ನಾನ ಹುಡುಕಿ ಎತ್ಕೊಂಡು ಬಂದಿದ್ದೆ. ಈಗೂ ಹಂಗ ಮಾಡ್ತಿದ್ದೆನೋ ಏನೋ.

ನಿನ್ನ ಕಾಗದದ ಕೂಡ ಪಕೀರಪ್ಪಣ್ಣ ಇನ್ನೊಂದು ತಂದುಕೊಟ್ಟ. ಇಪ್ಪತ್ತೆರಡಕ್ಕ ನೀ ಬರ್ದದ್ದು, ನಾವು ಹೋದ ಮ್ಯಾಲೆ ಕಾರ್ಖಾನಿಗೆ ಬಂದದ್ದು. ಅದನ್ನ ಮೊದಲು ಓದಿದೆ. "ಭರಮಿಯನ್ನು ಮುಂದೆ ಮಲಗಿಸಬೇಡ, ಹಿಂದೆ ಮಲಗಲಿ."

ಅಷ್ಟು ಬರಿಯಾಕ ಬಂತಲ್ಲ ನಿನಗ! ಮುಂದ ಮಲಗಿದ್ರ ಏನಾಗತೈತಿ ಅಂತ ಗೊತ್ತಿತ್ತು. ಭರಮಿ ಹಿಂದಕ್ಕ ಬಂದ್ರ ಆ ಜಾಗಾಕ್ಕ ಯಾರು ಮಲಗಬೇಕಿತ್ತೋ? ಎಂಬತ್ತು ವರ್ಷದ ನಮ್ಮತ್ತಿ? ನಿಂಗಕ್ಕನ ಹಾಲು ಕುಡಿಯೋ ಕೂಸು? ನಾನು? ಟ್ರ್ಯಾಕ್ಟರ್ ಮ್ಯಾಲೆ ಕುಂತ ನಿಮ್ಮ ಮಾವಗ ನೀ ಒಂದು ಅಕ್ಷರ ಬರೀಲಿಲ್ಲ. ನೀ ಮದಿವಿ ಆಗೋ ಹುಡುಗಿ ಒಬ್ಬಾಕಿ ಉಳಿದ್ರ ಸಾಕಾಗಿತ್ತು. ಅದನ್ನೂ ಶೀತ ಅಂತ ಸುಳ್ಳು ಹೇಳಿ ಬರ್ದಿ.

ಅದನ್ನ ಓದಿದ ಮ್ಯಾಲೆ ನನ್ನ ಎದಿಯಾಗ ನಿನ್ನ ಜಾಗ ಖಾಲಿ ಆತು.

ನಿಮ್ಮ ಮಾವಗ ಹೇಳಿಲ್ಲ. ಹೇಳಿದ್ರ ಕೊಡ್ಲಿ ತಗೊಂಡು ಬೊಂಬಾಯಿ ರೈಲು ಹತ್ತತಾರ, ಆಮ್ಯಾಗ ನಾ ಜೈಲು ಬಾಗಲಕ್ಕ ರೊಟ್ಟಿ ಹೊರಬೇಕು. ಅತ್ತಿಗೆ ಹೇಳಿಲ್ಲ, ಭರಮಿಗೂ ಹೇಳಿಲ್ಲ. ಪೇಂಟಿಗೆ ಬೆಂಕಿ ಯಾಕ ಅಂತ ಇನ್ನೂ ಕೇಳ್ತಾಳ.

ಆದ್ರ ಮದಿವಿ ನಿಲ್ಲಸಬೇಕಲ್ಲ. ಕಾರಣ ಬೇಕಲ್ಲ. ನಾಲ್ಕು ದಿನದ ಹಿಂದ ಊಟಕ್ಕ ಕುಂತಾಗ ಹೇಳಿಬಿಟ್ಟೆ, ಕುರ್ಲಾದಾಗ ನೀ ಒಬ್ಬಾಕಿನ್ನ ಇಟ್ಕೊಂಡಿ, ಒಂದು ಕೂಸೂ ಐತಿ, ಪಕೀರಪ್ಪಣ್ಣಗ ನೀನ ಬರ್ದು ತಿಳಿಸಿದಿ ಅಂತ. ನಿಮ್ಮ ಮಾವ ತಾಟು ಒದ್ದು ಎದ್ರು. ನಮ್ಮತ್ತಿ ಅವತ್ತಿಂದ ನಿನ್ನ ಹೆಸರು ತಗೊಂಡಿಲ್ಲ. ಭರಮಿ ಎರಡು ದಿನ ಹೊಲಕ್ಕ ಬರ್ಲಿಲ್ಲ. ಮೂರನೇ ದಿನ ತಲಿ ಬಾಚ್ಕೊಂಡು, ಬುತ್ತಿ ಕಟ್ಕೊಂಡು, ನಾಟಿಗೆ ಬಂದ್ಲು.

ಯುಗಾದಿಗೆ ಬರ್ತೀನಿ ಅಂತ ಬರ್ದಿ. ಬರಬ್ಯಾಡ ಅನ್ನಂಗಿಲ್ಲ ನಾ. ಬಂದ್ರ ನಿಮ್ಮ ಮಾವ ಅಂಗಳದಾಗ ನಿಂದ್ರಿಸಿ ಕೇಳ್ತಾರ, ಆಕಿ ಯಾರಲೇ ಅಂತ. ಭರಮಿ ಬಾಗಲದ ಹಿಂದ ನಿಂತು ಕೇಳ್ತಿರ್ತಾಳ. ಅಂಥಾಕಿ ಯಾರೂ ಇಲ್ಲ, ಅಕ್ಕ ಸುಳ್ಳು ಹೇಳ್ಯಾಳ ಅಂತ ನೀ ಅನ್ನಬೌದು. ಆವಾಗ ಅಕ್ಕ ಯಾಕ ಸುಳ್ಳು ಹೇಳಿದ್ಲು ಅಂತ ಕೇಳ್ತಾರ. ಅದನ್ನ ನೀನ ಹೇಳಬೇಕು.

ಹುಲುಗಮ್ಮ